ಸಿಂಗಾಪುರದಲ್ಲಿ ಗೆಳೆಯನ ಮನೆಯ ಆರು ದಿನಗಳು
(ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಪರದೇಶ ಪ್ರವಾಸದ ಅನುಭವವನ್ನು ಕುರಿತು ಮಕ್ಕಳಿಗೆ ತಿಳಿಯುವಂತೆ ನಾಲ್ಕು ಮಾತುಗಳನ್ನಾಡಬೇಕೆಂದು ಸಂಘದವರು ನಮಗೆ ಅಪ್ಪಣೆ ಕೊಟ್ಟಿದ್ದಾರೆ. ಪರದೇಶವೆಂದೊಡನೆ ಮುಗಿಲು ಮುಟ್ಟುವ ಮಹಲುಗಳನ್ನೂ ಮಿಂಚುವ ಅಂಗಡಿಬೀದಿಗಳನ್ನೂ ವರ್ಣಿಸುವುದು ವಾಡಿಕೆ. ಅಂತಹ ವರ್ಣನೆ ನಿಮಗೆ ಬೇಕಾದಷ್ಟು ದೊರೆಯುತ್ತದೆ. ನಾವು ಹೇಳಹೊರಟಿರುವುದು ಬೇರೆ ಬಗೆಯದು. ೨೦೨೪ರ ಫೆಬ್ರವರಿ ತಿಂಗಳಲ್ಲಿ ನಾವೂ ನಮ್ಮ ಮನೆಯವರೂ ಸಿಂಗಾಪುರದಲ್ಲಿ ನೆಲೆಸಿರುವ ಬಾಲ್ಯದ ಗೆಳೆಯನೊಬ್ಬನ ಮನೆಯಲ್ಲಿ ಆರು ದಿನ ಇದ್ದು ಬಂದೆವು. ಯಾವ ಅವಸರವೂ ಇಲ್ಲದೆ, ನೋಡಬೇಕಾದ ಸ್ಥಳಗಳ ಪಟ್ಟಿಯೊಂದನ್ನು ಕೈಯಲ್ಲಿ ಹಿಡಿಯದೆ, ಅವನೊಡನೆ ನಡೆದಾಡಿ, ಕುಳಿತು ಮಾತಾಡಿ, ಅವನ ಮನೆಯ ಊಟವನ್ನುಂಡು ಕಳೆದ ದಿನಗಳು ಅವು. ಆ ದಿನಗಳಲ್ಲಿ ಕಂಡ ಕೆಲವು ಸಂಗತಿಗಳು ಕಾಸರಗೋಡಿನ ಕನ್ನಡಿಗರಾದ ನಮಗೆ ಬಹಳ ಹತ್ತಿರದವೆಂದು ತೋರಿದ್ದರಿಂದ ಅವನ್ನು ನಿಮ್ಮ ಮುಂದಿಡುತ್ತೇವೆ.

ಮೊದಲು ಆ ಊರು ಎಲ್ಲಿದೆಯೆಂಬುದನ್ನು ತಿಳಿಯೋಣ. ಮಕ್ಕಳೇ, ನಿಮ್ಮ ಭೂಪಟದಲ್ಲಿ ಮಲಯ ಪರ್ಯಾಯದ್ವೀಪದ ತುದಿಯನ್ನು ಹುಡುಕಿರಿ. ಆ ತುದಿಗೆ ಅಂಟಿದಂತೆ ಒಂದು ಚಿಕ್ಕ ದ್ವೀಪವಿದೆ. ಅದೇ ಸಿಂಗಾಪುರ. ಭೂಮಧ್ಯರೇಖೆಯಿಂದ ಅದರ ದೂರ ಕೇವಲ ಒಂದೂಕಾಲು ಡಿಗ್ರಿಗಿಂತ ತುಸು ಹೆಚ್ಚು. ನಮ್ಮ ಕಾಸರಗೋಡು ಹನ್ನೆರಡೂವರೆ ಡಿಗ್ರಿಯಷ್ಟು ಉತ್ತರದಲ್ಲಿದೆ. ಭೂಮಧ್ಯರೇಖೆಗೆ ಅಷ್ಟು ಸಮೀಪವಾದ ಕಾರಣ ಅಲ್ಲಿ ವರ್ಷವಿಡೀ ಹಗಲೂ ಇರುಳೂ ಬಹುಮಟ್ಟಿಗೆ ಸಮ. ಅತಿ ದೀರ್ಘವಾದ ಹಗಲಿಗೂ ಅತಿ ಕಿರಿದಾದ ಹಗಲಿಗೂ ಇರುವ ಅಂತರ ಹತ್ತು ನಿಮಿಷದೊಳಗೆ. ಆದರೂ ಅಲ್ಲಿ ಸೂರ್ಯ ಹುಟ್ಟುವುದು ಆರು ಗಂಟೆಗಲ್ಲ, ಏಳು ಗಂಟೆಯ ಸುಮಾರಿಗೆ! ಇದೇಕೆಂಬುದನ್ನು ನಿಮ್ಮಲ್ಲಿ ಎಂಟನೆಯ ತರಗತಿಯವರು ಹೇಳಬಲ್ಲಿರಿ. ಸಿಂಗಾಪುರವಿರುವುದು ಪೂರ್ವ ರೇಖಾಂಶ ೧೦೪ ಡಿಗ್ರಿಯ ಹತ್ತಿರ. ಹದಿನೈದು ಡಿಗ್ರಿಗೆ ಒಂದು ಗಂಟೆಯಂತೆ ಎಣಿಸಿದರೆ ಅವರ ಗಡಿಯಾರ ಗ್ರೀನಿಚ್‌ಗಿಂತ ಸುಮಾರು ಏಳು ಗಂಟೆ ಮುಂದಿರಬೇಕು. ಆದರೆ ನೆರೆಯ ಮಲೇಶಿಯದೊಡನೆ ಹೊಂದಿಸಿಕೊಂಡು ೧೯೮೨ರಿಂದ ಅವರು ಎಂಟು ಗಂಟೆ ಮುಂದಿಟ್ಟಿದ್ದಾರೆ. ಗಡಿಯಾರವು ಸೂರ್ಯನಿಗಿಂತ ಒಂದು ಗಂಟೆ ಮುಂದೋಡುತ್ತಿರುವುದೆಂದು ತಿಳಿಯಿರಿ. ನಮಗೂ ಅವರಿಗೂ ಎರಡೂವರೆ ಗಂಟೆಯ ವ್ಯತ್ಯಾಸ. ಬೆಂಗಳೂರಿನಿಂದ ವಿಮಾನದಲ್ಲಿ ನಾಲ್ಕೂವರೆ ಗಂಟೆಯ ಹಾದಿ.

ಊರಿನ ಹೆಸರು ಸಂಸ್ಕೃತದ ಸಿಂಹಪುರವೇ. ಪೂರ್ವಕಾಲದಲ್ಲಿ ರಾಜಕುಮಾರನೊಬ್ಬನು ದಡಕ್ಕಿಳಿದಾಗ ಸಿಂಹದಂತಹ ಪ್ರಾಣಿಯೊಂದನ್ನು ಕಂಡು ಈ ಹೆಸರನ್ನಿಟ್ಟನೆಂದು ಮಲಯ ಜನರ ಹಳೆಯ ಕಥೆ ಹೇಳುತ್ತದೆ. ಸಿಂಹಗಳು ಆ ನಾಡಿನಲ್ಲಿ ಎಂದೂ ಇರಲಿಲ್ಲ. ಅವನು ಕಂಡದ್ದು ಹುಲಿಯಾಗಿದ್ದಿರಬಹುದೆಂದು ಬಲ್ಲವರು ಹೇಳುತ್ತಾರೆ. ಮಲಯ ಭಾಷೆಯಲ್ಲಿ ಇಂತಹ ಪರಿಚಿತ ಶಬ್ದಗಳು ಎಷ್ಟೋ ಉಂಟು. ಭಾಷೆಗೆ ಅವರು ಬಹಾಸ ಎನ್ನುತ್ತಾರೆ. ಗುರುವಿಗೆ ಗುರು, ಹೆಸರಿಗೆ ನಾಮ, ಭೂಮಿಗೆ ಬುಮಿ, ಸ್ವರಕ್ಕೆ ಸುವಾರ. ತಲೆಗೆ ಕೆಪಾಲ, ಅಂದರೆ ನಮ್ಮ ಕಪಾಲ. ಸಮುದ್ರವನ್ನು ದಾಟಿದರೂ ಮಾತುಗಳು ನಮ್ಮನ್ನು ಗುರುತಿಸಿ ನಗುತ್ತಿರುವಂತೆ ನಮಗನಿಸಿತು.

ಇನ್ನು ನಮ್ಮ ಗೆಳೆಯನ ವಿಚಾರ. ಅವನು ಕಾಸರಗೋಡು ಸೀಮೆಯ ಹಳ್ಳಿಯವನು. ಹತ್ತನೆಯ ತರಗತಿಯವರೆಗೆ ನಮ್ಮೊಡನೆ ಕನ್ನಡ ಮಾಧ್ಯಮದಲ್ಲೇ ಓದಿದವನು. ತರುವಾಯ ಇಂಜಿನಿಯರನಾಗಿ, ಹಡಗುಗಳ ದುರಸ್ತಿಯ ಕೆಲಸದಲ್ಲಿ ಸೇರಿ, ಸಿಂಗಾಪುರಕ್ಕೆ ಹೋಗಿ ಹದಿನಾರು ವರ್ಷಗಳಾದವು. ಈಗ ಅಲ್ಲಿಯ ಖಾಯಂ ನಿವಾಸಿ. ಹೆಂಡತಿಯೂ ನಮ್ಮ ಕಡೆಯವರೇ. ಹತ್ತು ವರ್ಷದ ಮಗಳೊಬ್ಬಳಿದ್ದಾಳೆ. ಅವನ ತಾಯಿ ಮಾತ್ರ ಊರಿನ ಮನೆಯನ್ನೂ ಅಡಕೆಯ ತೋಟವನ್ನೂ ಬಿಟ್ಟು ಬರಲಾರೆನೆಂದು ಇಲ್ಲಿಯೇ ಇದ್ದಾರೆ. ನಾವು ಹೊರಡುವ ಮುನ್ನ ಆ ತಾಯಿಯನ್ನು ಕಂಡೆವು. ಮಿಡಿ ಉಪ್ಪಿನಕಾಯಿಯ ಭರಣಿ, ಹಲಸಿನ ಹಪ್ಪಳದ ಕಟ್ಟು, ಮೊಮ್ಮಗಳ ಹೆಸರಿಗೆ ಒಂದು ಕಾಗದ, ಇವಿಷ್ಟನ್ನು ನಮ್ಮ ಕೈಯಲ್ಲಿ ಕಳುಹಿಸಿದರು. ಆ ಕಾಗದದ ವಿಷಯ ಮುಂದೆ ಬರುತ್ತದೆ.

ಗೆಳೆಯನ ವಾಸ ಹನ್ನೆರಡನೆಯ ಅಂತಸ್ತಿನಲ್ಲಿ. ಸರಕಾರದ ವಸತಿ ಮಂಡಲಿಯು ಕಟ್ಟಿಸಿದ ಬಹುಮಹಡಿಯ ಕಟ್ಟಡವದು. ಈ ಮಂಡಲಿ ೧೯೬೦ರಲ್ಲಿ ಸ್ಥಾಪಿತವಾಯಿತು. ಇಂದು ಆ ದೇಶದ ನಿವಾಸಿಗಳಲ್ಲಿ ಐದರಲ್ಲಿ ನಾಲ್ಕು ಪಾಲಿನಷ್ಟು ಜನರು ಇಂತಹ ಮನೆಗಳಲ್ಲೇ ಇದ್ದಾರೆ. ಚೀನೀಯರು, ಮಲಯರು, ಭಾರತೀಯರು ಬೇರೆ ಬೇರೆ ಕೇರಿಗಳಾಗಿ ಒಡೆದುಹೋಗಬಾರದೆಂದು, ಪ್ರತಿಯೊಂದು ಕಟ್ಟಡದಲ್ಲಿಯೂ ಒಂದೊಂದು ಜನಾಂಗದವರಿಗೆ ಇಷ್ಟೇ ಮನೆಗಳೆಂಬ ಮಿತಿಯನ್ನು ೧೯೮೯ರಲ್ಲಿ ಗೊತ್ತುಪಡಿಸಿದರು. ಕಟ್ಟಡದ ನೆಲದ ಅಂತಸ್ತನ್ನು ಗೋಡೆಗಳಿಲ್ಲದೆ ತೆರೆದಿಟ್ಟಿದ್ದಾರೆ. ನಮ್ಮ ಹಳೆಯ ಮನೆಗಳ ಜಗಲಿಯನ್ನೇ ನೂರು ಮನೆಗಳಿಗೆ ಸೇರಿಸಿ ಕಟ್ಟಿದಂತಿದೆ. ಮಲಯರ ಮದುವೆಯ ಊಟವೂ ಅಲ್ಲಿಯೇ, ಚೀನೀಯರ ಸಾವಿನ ವಿಧಿಯೂ ಅಲ್ಲಿಯೇ. ಸಾಯಂಕಾಲ ಮುದುಕರು ಅಲ್ಲಿ ಕುಳಿತು ಪಗಡೆಯಂತಹ ಆಟಗಳನ್ನಾಡುತ್ತಾರೆ. ಮಕ್ಕಳು ಕುಣಿಯುತ್ತಾರೆ. ನಾವೂ ಪ್ರತಿದಿನ ಸಂಜೆ ಆ ಜಗಲಿಯಲ್ಲಿ ಕುಳಿತೆವು.

ಬೆಳಗಿನ ಕಾಫಿಗೆ ಗೆಳೆಯನು ನಮ್ಮನ್ನು ಹತ್ತಿರದ ತಿಂಡಿಕಟ್ಟೆಗೆ ಕರೆದೊಯ್ಯುತ್ತಿದ್ದನು. ದೊಡ್ಡದೊಂದು ಮಾಡಿನ ಕೆಳಗೆ ಸಾಲುಸಾಲಾಗಿ ಚಿಕ್ಕ ಅಂಗಡಿಗಳು. ಹಿಂದೆ ಬೀದಿಯಲ್ಲಿ ಗಾಡಿ ತಳ್ಳಿಕೊಂಡು ಮಾರುತ್ತಿದ್ದವರಿಗೆ ನೀರೂ ಚರಂಡಿಯೂ ಇರುವ ಶುಚಿಯಾದ ಸ್ಥಳವನ್ನೊದಗಿಸಿ ಕಟ್ಟಿಸಿದ ಏರ್ಪಾಡಿದು. ಈ ಸಂಸ್ಕೃತಿಯನ್ನು ೨೦೨೦ರಲ್ಲಿ ಯುನೆಸ್ಕೋ ಸಂಸ್ಥೆಯು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಕಾಫಿಗೆ ಅಲ್ಲಿ ‘ಕೋಪಿ’ ಎಂದೇ ಹೆಸರು. ಸುಟ್ಟ ರೊಟ್ಟಿಗೆ ಕಾಯ ಎಂಬ ಲೇಹ್ಯವನ್ನು ಸವರಿ ಕೊಡುತ್ತಾರೆ. ಅದು ತೆಂಗಿನಹಾಲು, ಸಕ್ಕರೆ ಮತ್ತು ಮೊಟ್ಟೆಯಿಂದಾಗುವ ಪಾಕ. ಮೊಟ್ಟೆ ತಿನ್ನದವರಾದ ನಮ್ಮ ಮನೆಯವರಿಗೆ ತಮಿಳರ ಅಂಗಡಿಯ ದೋಸೆ ಸಿಕ್ಕಿತು. ಪಕ್ಕದ ಮೇಜಿನಲ್ಲಿ ಚೀನೀ ಅಜ್ಜನೊಬ್ಬನು ನಮ್ಮ ರೊಟ್ಟಿಯಂತಹ ಪರಾಟವನ್ನು ಸಾರಿನಲ್ಲದ್ದಿ ತಿನ್ನುತ್ತಿದ್ದನು. ಎದುರಿನ ಮಲಯ ಹೆಂಗಸು ತೆಂಗಿನಹಾಲಿನಲ್ಲಿ ಬೇಯಿಸಿದ ಅನ್ನವನ್ನು ಬಾಳೆಯೆಲೆಯ ಪೊಟ್ಟಣದಿಂದ ಬಿಚ್ಚುತ್ತಿದ್ದಳು. ತೆಂಗಿನ ನಾಡಿನಿಂದ ಹೋದ ನಮಗೆ ಅಲ್ಲಿ ಪರಕೀಯರೆಂಬ ಭಾವನೆಯೇ ಉಂಟಾಗಲಿಲ್ಲ.

ಒಂದು ಮುಂಜಾನೆ ಸಸ್ಯೋದ್ಯಾನಕ್ಕೆ ಹೋದೆವು. ೧೮೫೯ರಲ್ಲಿ ಆರಂಭವಾದ ಈ ತೋಟವು ೨೦೧೫ರಲ್ಲಿ ವಿಶ್ವಪರಂಪರೆಯ ತಾಣವೆಂದು ಅಂಗೀಕೃತವಾಗಿದೆ. ನಮ್ಮ ಪೂರ್ವದ ಗುಡ್ಡಗಳಲ್ಲಿ ರಬ್ಬರು ತೋಟವಿರುವ ಮನೆಗಳ ಮಕ್ಕಳು ಈ ಭಾಗವನ್ನು ಲಕ್ಷ್ಯಗೊಟ್ಟು ಕೇಳಬೇಕು. ರಬ್ಬರು ನಮ್ಮ ದೇಶದ ಗಿಡವಲ್ಲ, ಬ್ರೆಜಿಲಿನದು. ೧೮೭೬ರಲ್ಲಿ ಹೆನ್ರಿ ವಿಕ್‌ಹ್ಯಾಮ್ ಎಂಬವನು ಅಲ್ಲಿಂದ ಸುಮಾರು ಎಪ್ಪತ್ತು ಸಾವಿರ ಬೀಜಗಳನ್ನು ಲಂಡನ್ನಿನ ಕ್ಯೂ ಉದ್ಯಾನಕ್ಕೆ ಸಾಗಿಸಿದನು. ಮೊಳೆತವು ಕೆಲವೇ ಸಾವಿರ. ಅವುಗಳಲ್ಲಿ ಹೆಚ್ಚಿನವು ಸಿಂಹಳಕ್ಕೆ ಹೋದವು. ೧೮೭೭ರಲ್ಲಿ ಇಪ್ಪತ್ತೆರಡು ಸಸಿಗಳು ಸಿಂಗಾಪುರಕ್ಕೆ ಬಂದವು. ೧೮೮೮ರಲ್ಲಿ ಈ ತೋಟದ ಅಧಿಕಾರಿಯಾಗಿ ಬಂದ ಹೆನ್ರಿ ರಿಡ್ಲಿ ಎಂಬ ಸಸ್ಯವಿಜ್ಞಾನಿಯು, ಮರವನ್ನು ಕೊಲ್ಲದೆ ತೊಗಟೆಯನ್ನು ತೆಳ್ಳಗೆ ಕೆತ್ತಿ ಮತ್ತೆ ಮತ್ತೆ ಹಾಲಿಳಿಸುವ ಕ್ರಮವನ್ನು ಕಂಡುಹಿಡಿದನು. ರಬ್ಬರನ್ನು ನೆಡಿರೆಂದು ಕಂಡಕಂಡ ತೋಟಗಾರರಿಗೆಲ್ಲ ಬೀಜ ಹಂಚುತ್ತಿದ್ದ ಅವನನ್ನು ಜನರು ಹುಚ್ಚ ರಿಡ್ಲಿಯೆಂದು ಹಾಸ್ಯಮಾಡಿದರು. ಅನಂತರ ಮೋಟಾರು ಗಾಡಿಗಳು ಬಂದವು, ಚಕ್ರಗಳಿಗೆ ರಬ್ಬರು ಬೇಕಾಯಿತು, ಹುಚ್ಚನ ಮಾತೇ ನಿಜವಾಯಿತು. ನೂರು ವರ್ಷ ತುಂಬಿದ ಬಳಿಕ ೧೯೫೬ರಲ್ಲಿ ಅವನು ತೀರಿಕೊಂಡನು. ಬೆಳಗಿನ ಜಾವದಲ್ಲಿ ತಲೆಗೆ ದೀಪ ಕಟ್ಟಿಕೊಂಡು ನಿಮ್ಮ ತಂದೆ ಮಾಡುವ ಕೆತ್ತನೆಯ ಕೆಲಸದ ಹಿಂದೆ ಇಷ್ಟು ದೊಡ್ಡ ಕಥೆಯುಂಟು.

ಮತ್ತೊಂದು ದಿನ ಪೇಟೆಯ ನಡುವಿನ ಸಂತ ಆಂಡ್ರೂಸರ ದೇವಾಲಯವನ್ನು ನೋಡಿದೆವು. ಬಿಳಿಯದಾದ, ಬಹು ಎತ್ತರವಾದ ಕ್ರೈಸ್ತ ಪೂಜಾಮಂದಿರ. ೧೮೬೨ರಲ್ಲಿ ಅದರ ಪ್ರತಿಷ್ಠೆಯಾಯಿತು. ಕಟ್ಟಿದವರು ಯಾರು ಬಲ್ಲಿರಾ? ನಮ್ಮ ದೇಶದ ಕೈದಿಗಳು. ೧೮೬೭ರವರೆಗೆ ಸಿಂಗಾಪುರವು ಕಲ್ಕತ್ತೆಯಿಂದ ಆಳಲ್ಪಡುತ್ತಿದ್ದಿತು. ೧೮೨೫ರಿಂದ ೧೮೭೩ರ ತನಕ ಬಂಗಾಲ, ಮದರಾಸು ಮೊದಲಾದ ಪ್ರಾಂತಗಳಿಂದ ಗಡೀಪಾರಾದ ಕೈದಿಗಳು ಅಲ್ಲಿಯ ರಸ್ತೆಗಳನ್ನೂ ಸೇತುವೆಗಳನ್ನೂ ಕಟ್ಟಡಗಳನ್ನೂ ನಿರ್ಮಿಸಿದರು. ಈ ಮಂದಿರದ ಗೋಡೆಗೆ ಅವರು ಬಳಿದ ಗಾರೆ ಮದರಾಸು ಸುಣ್ಣದ್ದು. ಚಿಪ್ಪು ಸುಟ್ಟ ಸುಣ್ಣಕ್ಕೆ ಮೊಟ್ಟೆಯ ಬಿಳಿಯನ್ನೂ ಬೆಲ್ಲದಂತಹ ಸಕ್ಕರೆಯನ್ನೂ ಕೂಡಿಸಿ, ತೆಂಗಿನ ಸಿಪ್ಪೆಯನ್ನು ನೆನೆಹಾಕಿದ ನೀರಿನಲ್ಲಿ ಕಲಸಿ, ಬಳಿದ ಮೇಲೆ ಉಜ್ಜಿ ಹೊಳಪಿಡುತ್ತಿದ್ದರು. ಹೊಳೆಯ ಚಿಪ್ಪನ್ನು ಸುಟ್ಟು ಸುಣ್ಣ ಮಾಡುವುದನ್ನೂ, ಸಿಪ್ಪೆಯನ್ನು ನೀರಿನಲ್ಲಿ ಕೊಳೆಹಾಕುವುದನ್ನೂ ನಮ್ಮ ಕರಾವಳಿಯಲ್ಲಿ ಕಾಣದವರಿಲ್ಲ. ಆ ಕೈದಿಗಳ ಹೆಸರುಗಳು ಗೋಡೆಯ ಮೇಲಿಲ್ಲ. ಅವರು ಯಾವ ಭಾಷೆಯಲ್ಲಿ ಮನೆಯವರನ್ನು ನೆನೆದರೋ! ಅವರ ಮಕ್ಕಳ ಮಕ್ಕಳು ಇಂದು ಯಾವ ಭಾಷೆಯನ್ನಾಡುತ್ತಿರುವರೋ! ಆ ಬಿಳಿಯ ಗೋಡೆಯ ಮುಂದೆ ಗೆಳೆಯನು ಬಹಳ ಹೊತ್ತು ಮಾತಿಲ್ಲದೆ ನಿಂತಿದ್ದನು.

ರವಿವಾರ ದೋಣಿಯೇರಿ ಉಬಿನ್ ಎಂಬ ಸಣ್ಣ ದ್ವೀಪಕ್ಕೆ ಹೋದೆವು. ಚಾಂಗಿ ಎಂಬಲ್ಲಿಂದ ಹತ್ತು ಹದಿನೈದು ನಿಮಿಷಗಳ ಪಯಣ. ಅಲ್ಲಿಯ ಕಲ್ಲುಕೋರೆಗಳ ಬೆಣಚುಕಲ್ಲಿನಿಂದ ಹಿಂದೆ ದೀಪಸ್ತಂಭವನ್ನೂ, ಮಲಯ ದೇಶಕ್ಕೆ ಸೇರಿಸುವ ೧೯೨೪ರ ಕಟ್ಟೆದಾರಿಯನ್ನೂ ಕಟ್ಟಿದರು. ಈಗ ಕೋರೆಗಳು ನೀರು ತುಂಬಿದ ಕೆರೆಗಳಾಗಿವೆ. ಹಲಸು, ತೆಂಗು, ಹಳೆಯ ಹಲಗೆಮನೆಗಳು, ನಾಯಿ ಮಲಗಿದ ಅಂಗಳಗಳು. ಗೆಳೆಯನು ತಿಂಗಳಿಗೊಮ್ಮೆಯಾದರೂ ಇಲ್ಲಿ ಬಂದು ಒಂದು ಹಲಸಿನ ಮರದ ಕೆಳಗೆ ಕುಳಿತು ಹೋಗುವನಂತೆ. ದ್ವೀಪದ ಪೂರ್ವ ತುದಿಯ ಕಾಂಡ್ಲಾ ವನವನ್ನೂ ಕೆಸರುನೆಲವನ್ನೂ ಮಣ್ಣು ತುಂಬಿ ನೆಲವಾಗಿಸುವ ಯೋಜನೆಯಿದ್ದಿತು. ಜನರು ಪ್ರೀತಿಯಿಂದ ಕೇಳಿಕೊಂಡ ಮೇಲೆ ೨೦೦೧ರಲ್ಲಿ ಸರಕಾರವು ಅದನ್ನು ಮುಂದೂಡಿತು. ಸ್ಥಳ ಸಾಲದೆ ಸಮುದ್ರವನ್ನೇ ತುಂಬಿ ನೆಲವನ್ನು ಬೆಳೆಸಿಕೊಂಡ ದೇಶವು ಕೆಸರುನೆಲವೊಂದನ್ನು ಉಳಿಸಿಕೊಂಡದ್ದು ಸಾಮಾನ್ಯವಲ್ಲ.

ಮಧ್ಯಾಹ್ನಗಳಲ್ಲಿ ಹೆಚ್ಚಾಗಿ ಮಳೆ ಸುರಿಯುತ್ತಿತ್ತು. ಆಗ ಹನ್ನೆರಡನೆಯ ಅಂತಸ್ತಿನ ಕಿಟಕಿಯಲ್ಲಿ ಕುಳಿತು ಗೆಳೆಯನು ತನ್ನ ಕೆಲಸದ ವಿಷಯ ಹೇಳುತ್ತಿದ್ದನು. ಬೃಹತ್ತಾದ ಹಡಗನ್ನು ಒಣದಕ್ಕೆಯೊಳಗೆ ತಂದು ನಿಲ್ಲಿಸಿ ನೀರನ್ನು ಹೊರಹಾಕುತ್ತಾರೆ. ಬಳಿಕ ಅದರ ಅಡಿಯಲ್ಲಿಯೇ ನಡೆದಾಡಿ ಪರೀಕ್ಷಿಸುತ್ತಾರೆ. “ಆ ಹೊಟ್ಟೆಯ ಕೆಳಗೆ ನಿಂತಾಗಲೆಲ್ಲ ನನಗೆ ನೆನಪಾಗುವುದು ನಮ್ಮ ಶಾಲೆಯ ಪಾಠ. ತೇಲುವ ವಸ್ತುವು ತನ್ನ ತೂಕದಷ್ಟೇ ತೂಕದ ನೀರನ್ನು ಸ್ಥಾನಪಲ್ಲಟಗೊಳಿಸುತ್ತದೆ ಎಂದು ಮೇಷ್ಟ್ರು ಬಾಲ್ದಿಯಲ್ಲಿ ತೋರಿಸಿದರಲ್ಲ! ಅದನ್ನು ಕನ್ನಡದಲ್ಲಿ ಒಮ್ಮೆ ತಿಳಿದೆ, ಇಂಗ್ಲಿಷಿನಲ್ಲಿ ಮತ್ತೊಮ್ಮೆ ತಿಳಿಯಬೇಕಾಗಲಿಲ್ಲ. ಹೆಸರುಗಳನ್ನು ಮಾತ್ರ ಬದಲಾಯಿಸಿಕೊಂಡೆ” ಎಂದನು. ಕಾಲೇಜಿನ ಮೊದಲ ವರ್ಷ ಇಂಗ್ಲಿಷಿನಿಂದ ಅವನು ಪಟ್ಟ ಕಷ್ಟವನ್ನು ನಾವು ಬಲ್ಲೆವು. ಅವನೂ ಅದನ್ನು ಮರೆಮಾಚಲಿಲ್ಲ. ಒಂದು ವರ್ಷ ಕಷ್ಟವಾಯಿತು, ಅಷ್ಟೇ ಎಂದನು.

ಈಗ ಭಾಷೆಯ ವಿಚಾರಕ್ಕೆ ಬರುತ್ತೇವೆ. ಈ ಭಾಷಣದ ಮುಖ್ಯ ಮಾತು ಇರುವುದು ಅಲ್ಲಿಯೇ.

ಸಿಂಗಾಪುರವು ೧೯೬೫ರ ಆಗಸ್ಟ್ ೯ರಂದು ಸ್ವತಂತ್ರ ದೇಶವಾಯಿತು. ಮಲಯ, ಚೀನಿ, ತಮಿಳು, ಇಂಗ್ಲಿಷ್ ಎಂಬ ನಾಲ್ಕು ಭಾಷೆಗಳಿಗೆ ಅಲ್ಲಿ ರಾಜಮನ್ನಣೆಯುಂಟು. ಕಟ್ಟಡದ ಕೆಲಸ ನಡೆಯುವ ಕಡೆ ‘ಅಪಾಯ, ಹತ್ತಿರ ಬರಬೇಡಿ’ ಎಂಬ ಫಲಕವನ್ನು ನಾಲ್ಕು ಭಾಷೆಗಳಲ್ಲಿ ತೂಗಹಾಕಿರುತ್ತಾರೆ. ಆ ಫಲಕದ ಕೆಳಗಿನ ಸಾಲಿನಲ್ಲಿ ತಮಿಳಿನ ಅಕ್ಷರಗಳನ್ನು ಕಂಡು ನಮಗೆ ಸಂತೋಷವಾಯಿತು. ಜನರಿಗೆ ತಿಳಿಯುವ ಭಾಷೆಯಲ್ಲಿ ಅಪಾಯವನ್ನು ತಿಳಿಸುವುದೇ ಸರಕಾರದ ಮೊದಲ ಮರ್ಯಾದೆಯಲ್ಲವೇ? ಶಾಲೆಗಳಲ್ಲಿ ಇಂಗ್ಲಿಷಿನೊಡನೆ ತಾಯ್ನುಡಿಯೆಂಬ ಎರಡನೆಯ ಭಾಷೆಯನ್ನು ಎಲ್ಲರೂ ಕಲಿಯಲೇಬೇಕು. ಪ್ರೌಢಶಾಲೆಗಳಲ್ಲಿ ಇದು ೧೯೬೬ರಿಂದ ಕಡ್ಡಾಯವಾಯಿತು.

ಇಷ್ಟೊಂದು ರಕ್ಷಣೆಯಿದ್ದರೂ ತಮಿಳಿನ ಸ್ಥಿತಿ ಏನಾಗಿದೆಯೆಂದು ನೋಡಿರಿ. ಒಂದು ಕಾಲದಲ್ಲಿ ಅಲ್ಲಿ ತಮಿಳು ಮಾಧ್ಯಮದ ಶಾಲೆಗಳು ಹಲವಿದ್ದವು. ಇಂಗ್ಲಿಷ್ ಕಲಿತರೆ ಉದ್ಯೋಗವೆಂದು ತಂದೆತಾಯಿಗಳು ಮಕ್ಕಳನ್ನು ಒಬ್ಬೊಬ್ಬರಾಗಿ ಬಿಡಿಸಿದರು. ಕೊನೆಯದಾಗಿ ಉಳಿದಿದ್ದ ಉಮರು ಪುಲವರ್ ತಮಿಳು ಪ್ರೌಢಶಾಲೆ ೧೯೮೨ರಲ್ಲಿ ಮುಚ್ಚಿತು. ಅದನ್ನು ಮುಚ್ಚಿರೆಂದು ಯಾವ ಕಾನೂನೂ ಹೇಳಿರಲಿಲ್ಲ. ಮಕ್ಕಳಿಲ್ಲದೆ ಮುಚ್ಚಿತು. ಅಲ್ಲಿಯ ಜನಗಣತಿಯ ಲೆಕ್ಕವೂ ಇದನ್ನೇ ಹೇಳುತ್ತದೆ. ಮನೆಯಲ್ಲಿ ಹೆಚ್ಚಾಗಿ ಇಂಗ್ಲಿಷನ್ನೇ ಆಡುವ ಭಾರತೀಯರು ೨೦೧೦ರಲ್ಲಿ ನೂರಕ್ಕೆ ಸುಮಾರು ೪೨ ಮಂದಿ ಇದ್ದರು. ೨೦೨೦ರಲ್ಲಿ ಸುಮಾರು ೫೯ ಮಂದಿಯಾದರು. ತಮಿಳನ್ನು ಆಡುವವರು ೩೭ರಿಂದ ೨೮ಕ್ಕೆ ಇಳಿದರು. ರಾಜ್ಯಾಂಗವು ಭಾಷೆಗೆ ಸಿಂಹಾಸನವನ್ನೇ ಕೊಟ್ಟಿದ್ದರೂ ಮನೆಯಲ್ಲಿ ಅದಕ್ಕೆ ಮಣೆ ಹಾಕುವವರಿಲ್ಲದಿದ್ದರೆ ಹೀಗಾಗುತ್ತದೆ.

ನಮ್ಮ ಗೆಳೆಯನ ಮಗಳ ಸಂಗತಿ ಇದಕ್ಕಿಂತಲೂ ಕಠಿನ. ತಮಿಳಲ್ಲದ ಭಾರತೀಯ ಭಾಷೆಗಳಲ್ಲಿ ಬಂಗಾಲಿ, ಗುಜರಾತಿ, ಹಿಂದಿ, ಪಂಜಾಬಿ, ಉರ್ದು ಎಂಬ ಐದನ್ನು ಅಲ್ಲಿ ತಾಯ್ನುಡಿಯ ಸ್ಥಾನದಲ್ಲಿ ಕಲಿಯಬಹುದು. ಕನ್ನಡ ಆ ಪಟ್ಟಿಯಲ್ಲಿಲ್ಲ. ಮಲಯಾಳವೂ ಇಲ್ಲ, ತೆಲುಗೂ ಇಲ್ಲ. ಆದ್ದರಿಂದ ಆ ಬಾಲಿಕೆ ತಾಯ್ನುಡಿಯೆಂಬ ತಲೆಬರಹದ ಕೆಳಗೆ ಹಿಂದಿಯನ್ನು ಕಲಿಯುತ್ತಾಳೆ! ಅಲ್ಲಿಯ ಕನ್ನಡಿಗರು ಕೈಕಟ್ಟಿ ಕುಳಿತಿಲ್ಲ. ೧೯೯೬ರಲ್ಲಿ ಸ್ಥಾಪಿತವಾದ ಕನ್ನಡ ಸಂಘವೊಂದು ಅಲ್ಲಿದೆ. ಹಬ್ಬಹರಿದಿನಗಳಲ್ಲಿ ಕನ್ನಡದ ಮಾತೂ ಹಾಡೂ ಕಿವಿಗೆ ಬೀಳುತ್ತವೆ. ಆದರೆ ದಿನನಿತ್ಯದ ಶಾಲೆಯಲ್ಲಿ ಕನ್ನಡಕ್ಕೆ ಒಂದು ಗಂಟೆಯೂ ಇಲ್ಲ. ಎರಡು ವರ್ಷಗಳ ಹಿಂದೆ ಊರಿನಿಂದ ಅಜ್ಜಿ ದೂರವಾಣಿಯಲ್ಲಿ ಮಾತಾಡಿದರೆ ಈ ಹುಡುಗಿ ಎಲ್ಲವನ್ನೂ ಕೇಳಿ, ಇಂಗ್ಲಿಷಿನಲ್ಲಿ ಒಂದು ಶಬ್ದ ಹೇಳಿ ಸುಮ್ಮನಾಗುತ್ತಿದ್ದಳಂತೆ. ಅಜ್ಜಿಗೆ ಇಂಗ್ಲಿಷ್ ಬಾರದು. ಬರುಬರುತ್ತಾ ಅಜ್ಜಿಯೂ “ಊಟವಾಯಿತೇ?” ಎಂಬುದಕ್ಕಿಂತ ಹೆಚ್ಚು ಕೇಳುವುದನ್ನು ಬಿಟ್ಟರು. “ಇಬ್ಬರೂ ನನ್ನವರು, ನನ್ನ ಕಣ್ಣ ಮುಂದೆಯೇ ಒಬ್ಬರಿಗೊಬ್ಬರು ಅಪರಿಚಿತರಾಗುತ್ತಿದ್ದರು” ಎಂದು ಗೆಳೆಯನು ನಮ್ಮೊಡನೆ ಹೇಳುವಾಗ ಅವನ ಧ್ವನಿ ತಗ್ಗಿತು.

ಆಗ ಅವನು ಒಂದು ನಿಯಮ ಮಾಡಿದನು. ವಾರಕ್ಕೊಂದು ಕಾಗದವನ್ನು ಮಗಳು ಅಜ್ಜಿಗೆ ಕನ್ನಡದಲ್ಲಿ ಬರೆಯಬೇಕು. ನಾಲ್ಕು ಸಾಲಾದರೂ ಸರಿ. ಅಜ್ಜಿ ಅದಕ್ಕೆ ಉತ್ತರ ಬರೆಯಬೇಕು. ಮೊದಮೊದಲು ಅಕ್ಷರಗಳು ಡೊಂಕಾಗಿದ್ದವು. ‘ಇಲ್ಲಿ ದಿನಾಲೂ ಮಲೆ ಬರುತ್ತದೆ’ ಎಂದು ಬರೆದಿದ್ದಳಂತೆ. ಅಜ್ಜಿ ಉತ್ತರಿಸಿದರು: ‘ಮಗೂ, ನಿಮ್ಮಲ್ಲಿ ಮಲೆ ಬರುವುದಾದರೆ ನಮ್ಮ ಗುಡ್ಡವನ್ನೂ ಕಳುಹಿಸುತ್ತೇನೆ, ಜೊತೆಯಾಗಲಿ. ಮಳೆಯಾದರೆ ಕೊಡೆ ಹಿಡಿ.’ ಸಿಂಗಾಪುರದ ಅತ್ಯಂತ ಎತ್ತರದ ಗುಡ್ಡವೂ ನೂರ ಅರವತ್ತನಾಲ್ಕು ಮೀಟರಿನೊಳಗಿನದು. ಆದ್ದರಿಂದ ಈ ಹಾಸ್ಯ ಆ ಮನೆಯಲ್ಲಿ ಬಹಳ ದಿನ ನಡೆಯಿತು. ಆ ಹುಡುಗಿ ಅಂದಿನಿಂದ ಳಕಾರವನ್ನು ತಪ್ಪಿಲ್ಲ.

ನಾವು ಕೊಂಡೊಯ್ದ ಕಾಗದದಲ್ಲಿ ಅಜ್ಜಿ ಪತ್ರೊಡೆ ಮಾಡುವ ಕ್ರಮವನ್ನು ಬರೆದಿದ್ದರು. ನಮ್ಮಲ್ಲಿ ಕೆಸುವಿನ ಎಲೆ ಮಳೆಗಾಲದ್ದು. ಅಲ್ಲಿ ತಿಂಗಳು ತಿಂಗಳೂ ಮಳೆಯಾದ್ದರಿಂದ ಫೆಬ್ರವರಿಯಲ್ಲಿಯೂ ಎಲೆ ದೊರೆಯಿತು. ಹುಡುಗಿ ಒಲೆಯ ಬಳಿ ನಿಂತು ಕಾಗದವನ್ನು ಗಟ್ಟಿಯಾಗಿ ಓದಿದಳು, ತಾಯಿ ಅದರಂತೆ ಮಾಡಿದರು. ‘ಎರಡು ಕುಡ್ತೆ ಬೆಳ್ತಿಗೆ ಅಕ್ಕಿ’ ಎಂಬಲ್ಲಿ ಓದು ನಿಂತಿತು. ಕುಡ್ತೆ ಎಂದರೇನು? ಕೈಯಲ್ಲಿದ್ದ ಯಂತ್ರವನ್ನು ಕೇಳಿದಳು. ಅದಕ್ಕೆ ತಿಳಿಯಲಿಲ್ಲ. ತಂದೆಯು ಕಪಾಟಿನಿಂದ ಒಂದು ಹಳೆಯ ಸಣ್ಣ ಪಾತ್ರೆಯನ್ನು ತೆಗೆದು ಅವಳ ಕೈಯಲ್ಲಿಟ್ಟನು. ಮದುವೆಯ ಕಾಲದಲ್ಲಿ ಅವನ ತಾಯಿ ಕೊಟ್ಟದ್ದಂತೆ. ಅಕ್ಕಿ, ಮೆಣಸು, ಹುಣಸೆ, ಬೆಲ್ಲ, ತೆಂಗಿನಕಾಯಿ ಎಲ್ಲವನ್ನೂ ಅರೆದು, ಎಲೆಗೆ ಸವರಿ, ಸುತ್ತಿ, ಹಬೆಯಲ್ಲಿ ಬೇಯಿಸಿದರು. ಅಂದು ರಾತ್ರಿ ಹುಡುಗಿ ಅಜ್ಜಿಯೊಡನೆ ದೂರವಾಣಿಯಲ್ಲಿ ಅರ್ಧ ಗಂಟೆ ಕನ್ನಡದಲ್ಲಿ ಮಾತಾಡಿದಳು. ಉಪ್ಪು ಕಡಿಮೆಯಾಯಿತೆಂದು ದೂರಿದಳು. ಎಷ್ಟು ಹಾಕಬೇಕೆಂದು ಬರೆದಿಲ್ಲವೆಂದು ಜಗಳವಾಡಿದಳು. ಅತ್ತ ಆ ಮುದುಕಿ ಎಷ್ಟು ಸಂತೋಷದಿಂದ ಜಗಳಕ್ಕೆ ಜಗಳ ಕೊಟ್ಟರೆಂದರೆ, ನಾವು ಕೇಳುತ್ತಿದ್ದವರು ನಕ್ಕು ಕಣ್ಣೊರಸಿಕೊಂಡೆವು.

ಅದೇ ಅಂತಸ್ತಿನಲ್ಲಿ ಎರಡು ಬಾಗಿಲುಗಳಾಚೆ ಪಯ್ಯನ್ನೂರು ಕಡೆಯ ಮಲಯಾಳಿ ಕುಟುಂಬವೊಂದಿದೆ. ಅವರ ಮಗನಿಗೂ ಇದೇ ಅವಸ್ಥೆ. ಅವನು ಶಾಲೆಯಲ್ಲಿ ತಮಿಳು ಕಲಿಯುತ್ತಾನೆ. ಎರಡು ಮನೆಯವರೂ ಸೇರಿ ಒಂದು ಏರ್ಪಾಡು ಮಾಡಿಕೊಂಡಿದ್ದಾರೆ. ಒಂದು ಶನಿವಾರ ಸಂಜೆ ಇವರ ಮನೆಯಲ್ಲಿ ಎಲ್ಲರೂ ಕನ್ನಡದಲ್ಲಿ, ಮರುವಾರ ಅವರ ಮನೆಯಲ್ಲಿ ಎಲ್ಲರೂ ಮಲಯಾಳದಲ್ಲಿ ಮಾತಾಡಬೇಕು. ನಾವಿದ್ದ ಶನಿವಾರ ಆ ಹುಡುಗನು ನಮ್ಮೊಡನೆ ತಡವರಿಸುತ್ತ ಕನ್ನಡವಾಡಿದನು. ನಮ್ಮ ಹುಡುಗಿ ಮಲಯಾಳದಲ್ಲಿ ನೂರರವರೆಗೆ ಎಣಿಸಿದಳು. ಕಾಸರಗೋಡಿನಲ್ಲಿ ಅಕ್ಕಪಕ್ಕದಲ್ಲಿದ್ದು ಒಮ್ಮೊಮ್ಮೆ ಮುಖ ತಿರುಗಿಸುವ ಎರಡು ಭಾಷೆಗಳು, ಪಟ್ಟಿಯಿಂದ ಹೊರಗುಳಿದ ಆ ಪರದೇಶದಲ್ಲಿ ಒಂದೇ ಚಾಪೆಯ ಮೇಲೆ ಕುಳಿತು ಪತ್ರೊಡೆ ತಿಂದವು.

ಮಾನ್ಯ ಹೆತ್ತವರೇ, ೧೯೫೬ರ ನವೆಂಬರ್ ೧ರಂದು ನಮ್ಮ ಸೀಮೆ ಕೇರಳಕ್ಕೆ ಸೇರಿತು. ಅಂದಿನಿಂದ ನಮ್ಮ ಹಿರಿಯರು ಕನ್ನಡಕ್ಕಾಗಿ ಪಟ್ಟ ಪಾಡು ನಿಮಗೆ ತಿಳಿದದ್ದೇ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆಂಬ ೩೫೦-ಎ ವಿಧಿಯು ನಮ್ಮ ಸಂವಿಧಾನಕ್ಕೆ ಸೇರಿದ್ದೂ ಅದೇ ವರ್ಷ. ನಮಗೆ ಕಾನೂನಿನ ಬೇಲಿಯುಂಟು, ಶಾಲೆಯೆಂಬ ಹೊಲವುಂಟು, ಉಪಾಧ್ಯಾಯರುಂಟು, ಪಠ್ಯಪುಸ್ತಕಗಳುಂಟು. ಹಡಗು ದುರಸ್ತಿಯಿಂದ ಕೈತುಂಬ ಸಂಪಾದಿಸುವ ನಮ್ಮ ಗೆಳೆಯನಿಗೆ ಇವುಗಳಲ್ಲಿ ಒಂದನ್ನೂ ಹಣ ಕೊಟ್ಟು ಕೊಳ್ಳಲಾಗುವುದಿಲ್ಲ. ನಿಮ್ಮ ಮನೆಯ ಮಗು ನಡೆದು ಬರುವ ದೂರದಲ್ಲಿ ಅವೆಲ್ಲ ಇವೆ. ಇಂಗ್ಲಿಷ್ ಬೇಡವೆಂದು ನಾವು ಹೇಳುವುದಿಲ್ಲ. ಅದನ್ನು ಚೆನ್ನಾಗಿ ಕಲಿಸಿರಿ, ನಮ್ಮ ಶಾಲೆಯಲ್ಲಿಯೂ ಚೆನ್ನಾಗಿ ಕಲಿಸಬೇಕೆಂದು ಒತ್ತಾಯಪಡಿಸಿರಿ. ನೆರೆಹೊರೆಯ ಮಲಯಾಳವನ್ನೂ ತುಳುವನ್ನೂ ಮಕ್ಕಳು ಪ್ರೀತಿಯಿಂದ ಕಲಿಯಲಿ. ಆದರೆ ಮುಂದಿನ ವರ್ಷ ಒಂದನೆಯ ತರಗತಿಗೆ ಮಗುವನ್ನು ಎಲ್ಲಿ ಸೇರಿಸಬೇಕೆಂದು ಆಲೋಚಿಸುವಾಗ, ಮಕ್ಕಳಿಲ್ಲದೆ ೧೯೮೨ರಲ್ಲಿ ಬಾಗಿಲು ಮುಚ್ಚಿದ ಆ ತಮಿಳು ಶಾಲೆಯನ್ನು ಒಮ್ಮೆ ನೆನೆಯಿರಿ. ಒಂದೊಂದು ತಂದೆತಾಯಿ ತೆಗೆದುಕೊಂಡ ತೀರ್ಮಾನ ಸಣ್ಣದೇ ಆಗಿದ್ದಿತು. ಎಲ್ಲವೂ ಕೂಡಿದಾಗ ಶಾಲೆ ಉಳಿಯಲಿಲ್ಲ.

ಪ್ರೀತಿಯ ವಿದ್ಯಾರ್ಥಿಗಳೇ, ನಿಮ್ಮಲ್ಲಿ ಹಲವರು ಮುಂದೆ ಗಲ್ಫ್ ದೇಶಗಳಿಗೋ ಸಿಂಗಾಪುರಕ್ಕೋ ಹೋಗುವಿರಿ. ಹೋಗಿರಿ, ಸಂಪಾದಿಸಿರಿ, ಒಳ್ಳೆಯ ಹೆಸರು ತೆಗೆದುಕೊಳ್ಳಿರಿ. ಅದಕ್ಕೆ ಮುನ್ನ ಒಂದು ಕೆಲಸ ಮಾಡಿರಿ. ಈ ರಜೆಯಲ್ಲಿ ಒಂದು ಪುಸ್ತಕ ಇಟ್ಟುಕೊಂಡು ನಿಮ್ಮ ಅಜ್ಜಿಯ ಬಳಿ ಕುಳಿತುಕೊಳ್ಳಿರಿ. ಅಡಿಗೆಮನೆಯ, ತೋಟದ, ಕೊಟ್ಟಿಗೆಯ, ಹೊಳೆಯ ಶಬ್ದಗಳಲ್ಲಿ ನಿಮ್ಮ ಪಾಠಪುಸ್ತಕದಲ್ಲಿಲ್ಲದವು ಐವತ್ತನ್ನು ಕೇಳಿ ಬರೆದುಕೊಳ್ಳಿರಿ, ಅವುಗಳ ಅರ್ಥವನ್ನೂ ಬರೆಯಿರಿ. ಶಾಲೆ ತೆರೆದಾಗ ನಿಮ್ಮ ಕನ್ನಡ ಪಂಡಿತರಿಗೆ ತೋರಿಸಿರಿ. ಆಯ್ದ ಶಬ್ದಗಳನ್ನು ಮುಂದಿನ ವರ್ಷದ ಈ ಸಂಚಿಕೆಯಲ್ಲಿ ಅಚ್ಚುಮಾಡಲು ಸಂಘದವರು ಒಪ್ಪಿದ್ದಾರೆ. ಅಚ್ಚಾದ ಪ್ರತಿಯೊಂದನ್ನು ನಾವು ಸಿಂಗಾಪುರದ ಆ ಹುಡುಗಿಗೆ ಕಳುಹಿಸಿಕೊಡುತ್ತೇವೆ. ಅವಳು ಕಾದಿರುತ್ತಾಳೆ.